ಕಸ್ತೂರಿಯ ಪಾಲು

ಚಾಮರಾಜಪೇಟೆಯಲ್ಲಿ ಗಂಧದೆಣ್ಣೆಯವರ ಮನೆ ಯಾವುದೆಂದು ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ. ಅದು ನಮ್ಮ ತವರುಮನೆ. ಬಳೇಪೇಟೆಯಲ್ಲಿ ಸಾಂಬ್ರಾಣಿ, ವಿಭೂತಿ, ಗಂಧದೆಣ್ಣೆಯ ಸಗಟು ಅಂಗಡಿ ಇಟ್ಟು ಐದು ತಲೆಮಾರಾಯಿತು. ಪೇಟೆಯ ಇಕ್ಕಟ್ಟಿನಿಂದ ಹೊರಬಂದು ಈ ಬಡಾವಣೆಯಲ್ಲಿ ಕಲ್ಲಿನ ಮನೆ ಕಟ್ಟಿಸಿದಾಗ ಹಿಂದುಗಡೆ ಇನ್ನೂ ರಾಗಿಹೊಲವಿತ್ತಂತೆ. ಅಂದಿನಿಂದ ಇಂದಿನವರೆಗೆ ಈ ಮನೆಯ ಮೇಲೆ ಒಂದು ಪೊಲೀಸ್ ದೂರಿಲ್ಲ, ಕೋರ್ಟು ಕಚೇರಿಯ ಅಲೆದಾಟವಿಲ್ಲ. ಹೆಣ್ಣುಮಕ್ಕಳನ್ನು ಕಾನ್ವೆಂಟಿಗೆ ಕಳಿಸಿ ಓದಿಸಿದ ಮನೆ. ಬಾಗಿಲಿಗೆ ಬಂದ ಜಂಗಮರು ಬರಿಗೈಯಲ್ಲಿ ಹಿಂದಿರುಗಿದ್ದಿಲ್ಲ.

ಇದನ್ನೆಲ್ಲ ಮೊದಲೇ ಹೇಳುವುದಕ್ಕೆ ಕಾರಣವಿದೆ. ಮುಂದಿನ ಸಂಗತಿ ಕೇಳಿ ನಗಬೇಕೆನಿಸಿದವರಿಗೆ, ಇದು ಯಾವ ಮನೆಯ ಮಾತು ಎಂಬುದು ಗೊತ್ತಿರಲಿ.

ಆ ಮನೆಯಲ್ಲಿ ಕುದುರೆ ಕಟ್ಟುವ ವಾಡಿಕೆ ಇದೆ. ಹಿಂದೆ ಸಾರೋಟಿಗೆಂದು ಕಟ್ಟುತ್ತಿದ್ದರು. ಕಾರು ಬಂದ ಮೇಲೂ ಹಿತ್ತಲಿನ ಲಾಯ ಉಳಿಯಿತು. ಏಕೆಂದರೆ ಈ ಮನೆಯ ಮದುಮಗ ಕಲ್ಯಾಣಮಂಟಪಕ್ಕೆ ಹೋಗುವುದು ಮನೆಯ ಕುದುರೆಯ ಮೇಲೆ. ಯಾವಾಗಲೂ ಹೆಣ್ಣು ಕುದುರೆ. ಯಾವಾಗಲೂ ಒಂದೇ ಹೆಸರು, ಕಸ್ತೂರಿ. ಒಂದು ಸತ್ತರೆ ಲಾಯ ಒಂದು ವರ್ಷ ಖಾಲಿ ಇರಬೇಕು. ವರ್ಷದ ಪೂಜೆ ಮುಗಿದ ಮೇಲೆ ಇನ್ನೊಂದನ್ನು ತಂದು ಅದಕ್ಕೂ ಕಸ್ತೂರಿ ಎಂದೇ ಹೆಸರಿಡಬೇಕು. ನಡುವೆ ಆ ಹೆಸರನ್ನು ಹಿತ್ತಲಲ್ಲಿ ನಿಂತು ಯಾರೂ ಕೂಗಬಾರದು. ಏಕೆ ಕೂಗಬಾರದು ಎಂದು ಕೇಳಿದವರಿರಲಿಲ್ಲ. ಹಿರಿಯರು ಹೇಳಿದ್ದರು, ನಡೆದುಕೊಂಡು ಬಂದಿತ್ತು.

ಈ ಸಲ ತಪ್ಪಿತು.

ಹಳೆಯ ಕಸ್ತೂರಿ ಕಾರ್ತಿಕದಲ್ಲಿ ಹೋಯಿತು. ಕಪ್ಪುಗಂದು ಬಣ್ಣದ ದೊಡ್ಡ ಕುದುರೆ. ಮೂವತ್ತು ದಾಟಿತ್ತು. ಹಲ್ಲು ಸವೆದು ಹೋಗಿದ್ದರಿಂದ ಕೊನೆಕೊನೆಗೆ ರಾಗಿ ಅಂಬಲಿಗೆ ಬೆಲ್ಲ ಕದಡಿ ಕುಡಿಸುತ್ತಿದ್ದರು. ಹಿಂದಿನ ಎಡಗಾಲನ್ನು ಎಳೆದುಕೊಂಡು ನಡೆಯುತ್ತಿತ್ತು. ಅದು ಹೋದ ಸ್ವಲ್ಪ ದಿನಕ್ಕೇ ಮನೆಯ ಹಿರಿಯರಾದ ಗುರುಬಸಮ್ಮನವರ ಮೊಮ್ಮಗನ ಮದುವೆ ನಿಶ್ಚಯವಾಯಿತು. ಲಗ್ನ ಫಾಲ್ಗುಣಕ್ಕೆ.

ಸೊಸೆ ಶಿವರಂಜಿನಿ ಅತ್ತೆಯ ಹತ್ತಿರ ಮೆಲ್ಲಗೆ ಮಾತು ತೆಗೆದಳು. "ಬ್ಯಾಂಡ್ ಸೆಟ್ಟಿನೋರ ಹತ್ರ ಒಳ್ಳೆ ಬಿಳಿ ಕುದುರೆ ಇದೆ ಅತ್ತೆ. ಒಂದು ಸಂಜೆ ಮಟ್ಟಿಗೆ ತರಿಸ್ಕೊಳ್ಳೋಣ."

ಗುರುಬಸಮ್ಮ ಜಪಮಣಿ ಕೆಳಗಿಟ್ಟರು. "ನಿನ್ನ ಗಂಡ ಕೂತಿದ್ದು ಯಾವ್ದರ ಮೇಲೆ?"

"ಕಸ್ತೂರಿ ಮೇಲೆ."

"ನಿಮ್ಮ ಮಾವ?"

"ಕಸ್ತೂರಿ ಮೇಲೇ ಅತ್ತೆ."

"ಮತ್ತೆ ನನ್ನ ಮೊಮ್ಮಗ ಏನು ತಪ್ಪು ಮಾಡ್ದ?"

ಅಲ್ಲಿಗೆ ಮಾತು ಮುಗಿಯಿತು. ಕೋಲಾರದ ಕಡೆಯಿಂದ ಬಿಳಿ ಕುದುರೆ ಬಂತು. ಮಾರಿದವನು ಅದನ್ನು ಮೋತಿ ಎಂದು ಕರೆಯುತ್ತಿದ್ದ. ಗುರುಬಸಮ್ಮ ಅದರ ಹಣೆಗೆ ವಿಭೂತಿ ಹಚ್ಚಿದರು. ಹಿತ್ತಲಲ್ಲಿ ನಿಂತು, ಗಟ್ಟಿಯಾಗಿ, "ಕಸ್ತೂರಿ ಬಾ" ಎಂದು ಕೂಗಿದರು.

ಬಂದಾಗ ಆ ಕುದುರೆ ಬೆಣ್ಣೆ ಮೆತ್ತಿದ ಹಾಗಿತ್ತು. ಸಂಕ್ರಾಂತಿಯ ಹೊತ್ತಿಗೆ ಪಕ್ಕೆಲುಬು ಕಾಣತೊಡಗಿತು.

ಶಿವರಂಜಿನಿ ಅಳೆದು ತೂಗಿ ಮಾತಾಡುವ ಹೆಂಗಸು. ಕಾನ್ವೆಂಟಿನ ಸಿಸ್ಟರುಗಳ ಕೈಕೆಳಗೆ ಓದಿದವಳು. ಎಳ್ಳಮಾವಾಸ್ಯೆಗೆ ದೃಷ್ಟಿ ತೆಗೆಯುವುದಕ್ಕೂ ಮುಖ ಸಿಂಡರಿಸುವಂಥವಳು. ಅವಳು ಮೊದಲು ಅನುಮಾನಪಟ್ಟದ್ದು ಕುದುರೆ ನೋಡಿಕೊಳ್ಳುವ ಮುತ್ತುರಾಜನನ್ನು.

"ಹುರುಳಿ ಸರಿಯಾಗಿ ಹಾಕ್ತಿದೀಯಾ?"

"ಹಾಕ್ತಿದೀನಮ್ಮ. ಸಂಜೆ ತುಂಬಿಸಿ ಹೋದ್ರೆ ಬೆಳಿಗ್ಗೆ ಬಾನಿ ನೆಕ್ಕಿಟ್ಟಂಗಿರತ್ತೆ."

"ಹಾಗಾದ್ರೆ ಅದೆಲ್ಲ ಎಲ್ಲಿ ಹೋಗತ್ತೆ?"

"ನಾನಂತೂ ತಿನ್ನಲ್ಲಮ್ಮ. ಹುರುಳಿ ತಿಂದ್ರೆ ನಂಗೆ ಗ್ಯಾಸು."

ಅವಳಿಗೆ ನಗು ಬರಲಿಲ್ಲ. ಅವನಿಗೂ ಬಂದಿರಲಿಲ್ಲ. ಲಾಯದ ಕಡೆ ಒಮ್ಮೆ ನೋಡಿ ಟವೆಲ್ಲು ಕೊಡವಿ ಹೊರಟುಹೋದ. ಆಮೇಲೆ ಅವಳಿಗೆ ನೆನಪಾಯಿತು... ಇತ್ತೀಚೆಗೆ ಅವನು ದೀಪ ಹಚ್ಚುವ ಮೊದಲೇ ಮನೆಗೆ ಹೋಗಿಬಿಡುತ್ತಿದ್ದ.

ಒಂದು ರಾತ್ರಿ ಅವಳು ವಿಶ್ವೇಶ್ವರಪುರಂನಿಂದ ಬರುವುದು ತಡವಾಯಿತು. ಬೀಗರ ಮನೆಯಲ್ಲಿ ಸೀರೆ ತೋರಿಸುವುದು, ಊಟ, ಮತ್ತೆ ಸೀರೆ ತೋರಿಸುವುದು. ಆಟೋದವನು ಬೀದಿಯ ತಿರುವಿನಲ್ಲಿ ನಿಲ್ಲಿಸಿದ. "ಮುಂದೆ ಹೋಗಲ್ಲ ಮೇಡಂ. ಪೈಪಿಗೆ ಅಂತ ಅಗೆದು ಹಾಕಿದಾರೆ."

ಮುಂದಿನ ರಸ್ತೆ ಇಲ್ಲವೆಂದ ಮೇಲೆ ಹಿಂದಿನ ಗಲ್ಲಿಯೇ ಗತಿ. ಅಲ್ಲೊಂದು ಹಳೆಯ ಬಾವಿ ಇದೆ. ಕಬ್ಬಿಣದ ಜಾಲರಿ ಹಾಕಿ ಮುಚ್ಚಿದ್ದಾರೆ. ಜಾಲರಿಯ ಸಂದಿಯಿಂದ ಅರಳಿ ಗಿಡ ತಲೆ ಎತ್ತಿದೆ. ಬೀದಿದೀಪ ಉರಿಯುತ್ತಿರಲಿಲ್ಲ. ಅವಳ ಚಪ್ಪಲಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಬಾವಿ ದಾಟಿದಳು... ಆಗ ಕೇಳಿಸಿತು.

ಪಚ... ಪಚ... ಪಚ...

ನಿಂತಳು. ಕುದುರೆ ಮೇಯುವ ಸದ್ದು. ಮನೆಯ ಹಿತ್ತಲಿಂದ ಬರುತ್ತಿತ್ತು. ಅವಳಿಗೆ ಸಮಾಧಾನವಾಯಿತು. ಅಂತೂ ತಿನ್ನುತ್ತಿದೆ ಎಂದುಕೊಂಡಳು. ಹಿತ್ತಲ ಬಾಗಿಲ ಅಗುಳಿ ತೆಗೆದಳು. ಕೀ... ಎಂದಿತು ಬಾಗಿಲು. ಲಾಯದ ಬಲ್ಬು ಉರಿಯುತ್ತಿತ್ತು. ಕಲ್ಲುಬಾನಿ ಈ ತುದಿಯಲ್ಲಿ. ಬಿಳಿ ಕುದುರೆ ಆ ತುದಿಯಲ್ಲಿ, ಮೂಲೆಗೆ ಮುಖ ಒತ್ತಿ ನಿಂತಿತ್ತು. ಅದರ ತೊಡೆಗಳು ಅದುರುತ್ತಿದ್ದವು.

ಬಾನಿಯ ಹತ್ತಿರ ಯಾರೂ ಇರಲಿಲ್ಲ.

ಪಚ... ಪಚ...

ಆಮೇಲೆ ನಿಂತಿತು. ಊಟದ ನಡುವೆ ಯಾರೋ ಬಂದರೆಂದು ತಲೆ ಎತ್ತಿದ ಹಾಗೆ.

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೆಗ್ಗಣ ಎಂದುಕೊಂಡಳು. ಹೆಗ್ಗಣವೇ ಎಂದು ಮಲಗುವವರೆಗೂ ಹೇಳಿಕೊಂಡಳು.

ಮರುದಿನ ಪಶುವೈದ್ಯರಿಗೆ ಫೋನು ಹೋಯಿತು. ಡಾಕ್ಟರ್ ಅನಿಲ್ ಕುಮಾರ್ ರೇಸ್ ಕುದುರೆಗಳನ್ನು ನೋಡಿದ ಅನುಭವಸ್ಥರು. ಎರಡು ಸಲ ಬಂದರು. ಮೊದಲ ಸಲ ಲದ್ದಿ, ರಕ್ತ ಪರೀಕ್ಷೆಗೆ ತೆಗೆದುಕೊಂಡು ಹೋದರು. ಎರಡನೆಯ ಸಲ ಬಂದು ಹಿತ್ತಲ ಜಗಲಿಯ ಮೇಲೆ ಕೂತರು.

"ಕುದುರೆ ಹೀಗೆ ಇದ್ದಕ್ಕಿದ್ದ ಹಾಗೆ ಇಳಿದುಹೋದ್ರೆ ನಾವು ಮೊದ್ಲು ನೋಡೋದು ಹೊಟ್ಟೆಹುಳ," ಎಂದರು. "ಇದಕ್ಕೆ ಹುಳ ಇಲ್ಲ. ಲಿವರ್ರೂ ಚೆನ್ನಾಗಿದೆ. ಜ್ವರ ಇಲ್ಲ. ಹೊಟ್ಟೇಲಿ ಹುಣ್ಣಾಗಿರಬಹುದು, ಹೊಸ ಜಾಗಕ್ಕೆ ಬಂದ ಕುದುರೆಗೆ ಆಗತ್ತೆ, ಪುಡಿ ಕೊಟ್ಟಿರ್ತೀನಿ. ಆದ್ರೆ ನಂಗೆ ಇದು ಅರ್ಥ ಆಗ್ತಿಲ್ಲ."

ಅಂಗೈ ಚಾಚಿದರು. ಅಗಿದು ಉಗುಳಿದ ಹುಲ್ಲಿನ ಉಂಡೆಗಳು. ಹಸಿರು, ಒದ್ದೆ, ಸುರುಳಿ ಸುತ್ತಿಕೊಂಡಿದ್ದವು.

"ಬಾನಿ ಪಕ್ಕ ಬಿದ್ದಿತ್ತು. ಹಲ್ಲಿಲ್ಲದ ಕುದುರೆ ಹೀಗೆ ಮಾಡೋದು. ಅಗಿಯೋಕಾಗಲ್ಲ, ಬಾಯಲ್ಲಿ ಹೊರಳಿಸಿ ಹೊರಳಿಸಿ ಉದುರಿಸಿಬಿಡತ್ತೆ. ಅದಕ್ಕೇ ಬಾಯಿ ತೆಗೆಸಿ ನೋಡ್ದೆ. ಇದಕ್ಕೆ ಎಂಟು ವರ್ಷ. ಹಲ್ಲು ಒಂದೊಂದೂ ಮುತ್ತಿನ ಹಾಗಿದೆ."

ಶಿವರಂಜಿನಿ ಉಂಡೆಗಳನ್ನು ನೋಡಿದಳು. ಮುಟ್ಟಲಿಲ್ಲ.

"ಇನ್ನೊಂದು ಕಾರಣ ಇದೆ," ಎಂದರು ಡಾಕ್ಟರು, ಕೈ ತೊಳೆಯುತ್ತ. "ಜೊತೇಲಿ ಜಬರ್ದಸ್ತು ಕುದುರೆ ಇದ್ರೆ ಇದನ್ನ ಬಾನಿ ಹತ್ರ ಸೇರಿಸಲ್ಲ. ಹಾಕಿದ್ದು ಖಾಲಿ ಆಗತ್ತೆ, ಇದರ ಹೊಟ್ಟೆಗೆ ಬೀಳಲ್ಲ. ಇನ್ನೊಂದನ್ನ ಎಲ್ಲಿ ಕಟ್ತೀರಿ?"

"ಇರೋದು ಒಂದೇ ಡಾಕ್ಟ್ರೇ."

"ಒಂದೇನಾ?" ಅವರು ಲಾಯದಲ್ಲಿ ಖಾಲಿ ಬಿಟ್ಟಿದ್ದ ಎರಡನೇ ಅಂಕಣದ ಕಡೆ ನೋಡಿದರು. ಅಲ್ಲಿ ಹುಲ್ಲಿನ ಹಾಸು ಒತ್ತಿ ಗುಳಿ ಬಿದ್ದಿತ್ತು, ಯಾರೋ ಮಲಗಿ ಎದ್ದ ಹಾಗೆ. ಅವರು ಬ್ಯಾಗು ಮುಚ್ಚಿದರು. "ಹೀಗೇ ಇಳಿದ್ರೆ ಮದುವೆ ತನಕ ಉಳಿಯಲ್ಲಮ್ಮ. ಮದುವೆ ಬಿಡಿ. ಮುಂದಿನ ವಾರ ನಿಂತ್ಕೊಳ್ಳೋದೇ ಅನುಮಾನ."

ಅದೇ ಸಂಜೆ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಬಂತು. ಹಾಕಿದವರು ಮನೋಹರ್. ಗಲ್ಲಿಯ ಆಚೆ ಹೊಸದಾಗಿ ಎದ್ದ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿರುವವರು. ಬಂದು ಒಂದೂವರೆ ವರ್ಷವಾಗಿರಬೇಕು. ಫೋಟೋದಲ್ಲಿ ಬಿಳಿ ಕುದುರೆಯ ಎಲುಬುಗಳು. ಕೆಳಗೆ ಬರೆದಿದ್ದರು: ದೊಡ್ಡ ಮನೆ, ದೊಡ್ಡ ಹೆಸರು, ಕುದುರೆಗೆ ಮಾತ್ರ ಉಪವಾಸ. ಪ್ರಾಣಿದಯಾ ಸಂಘದವರಿಗೆ ತಿಳಿಸಿದ್ದೇನೆ, ಸೋಮವಾರ ಬಂದು ಒಯ್ಯುತ್ತಾರೆ.

ಮೂವತ್ತಾರು ಜನ ಕೈಮುಗಿದ ಗುರುತು ಹಾಕಿದ್ದರು. ಅವರಲ್ಲಿ ಕೆಲವರು ಈ ಮನೆಯ ಪಂಕ್ತಿಯಲ್ಲಿ ಕೂತು ಉಂಡವರು.

ಶಿವರಂಜಿನಿ ಸೀರೆ ಬದಲಾಯಿಸಿ, ಚಪ್ಪಲಿ ಮೆಟ್ಟಿ, ನೇರ ಅವರ ಮನೆಗೆ ಹೋದಳು. ಲಿಫ್ಟು ಹತ್ತಲಿಲ್ಲ. ಮನೋಹರ್ ಬಾಗಿಲಲ್ಲೇ ನಿಂತರು. ಕೂರಲು ಹೇಳಲಿಲ್ಲ.

"ನಮ್ಮ ಕುದುರೆಗೆ ಚಿಕಿತ್ಸೆ ನಡೀತಿದೆ. ಡಾಕ್ಟರ ಹೆಸರು ಕೊಡ್ತೀನಿ, ನೀವೇ ವಿಚಾರಿಸಿ," ಎಂದಳು. "ಗುಂಪಿನಿಂದ ಆ ಫೋಟೋ ತೆಗೆದುಹಾಕಿ."

"ಮೇಡಂ, ನಿಮ್ಮ ಮೇಲೆ ನಂಗೇನೂ ದ್ವೇಷ ಇಲ್ಲ. ಎರಡು ಕುದುರೆ ಸಾಕೋ ಶಕ್ತಿ ಇಲ್ಲ ಅಂದ್ರೆ ಒಂದೇ ಇಟ್ಕೊಳ್ಳಿ."

"ಒಂದೇ ಇರೋದು."

ಮನೋಹರ್ ನಕ್ಕರು. "ನಾನು ಲೆಕ್ಕ ಪರಿಶೋಧಕ. ಎರಡರ ತನಕ ಎಣಿಸೋಕೆ ಬರತ್ತೆ."

"ಏನು ನೋಡಿದ್ರಿ ನೀವು?"

"ಬನ್ನಿ." ಬಾಲ್ಕನಿಗೆ ಕರೆದೊಯ್ದರು. ಅಲ್ಲಿಂದ ಹಿತ್ತಲು ಅಂಗೈಯಲ್ಲಿಟ್ಟ ಹಾಗೆ ಕಾಣುತ್ತಿತ್ತು. "ಅಗೋ ಆ ತೊಟ್ಟಿ. ದೀಪ ಹಚ್ಚೋ ಹೊತ್ತಿಗೆ ಬರತ್ತೆ ಅದು. ಕಪ್ಪುಗಂದು, ದೊಡ್ಡದು. ಒಂದು ಕಾಲು ಎಳೆಯತ್ತೆ. ಬಿಳಿದು ಹತ್ರ ಬಂದ್ರೆ ಕಿವಿ ಹಿಂದಕ್ಕೆ ಮಾಡ್ಕೊಂಡು ಓಡಿಸತ್ತೆ. ನನ್ನ ಹೆಂಡ್ತಿನೂ ನೋಡಿದಾಳೆ. ಎರಡನ್ನೂ ಒಟ್ಟಿಗೆ ಬಿಡೋದು ಯಾಕೆ ನೀವು? ಅಷ್ಟೂ ತಿಳುವಳಿಕೆ ಬೇಡ್ವಾ?"

ಶಿವರಂಜಿನಿ ಬಾಲ್ಕನಿಯ ಕಂಬಿ ಹಿಡಿದುಕೊಂಡಳು. ಮನೋಹರ್ ಈ ಕಟ್ಟಡಕ್ಕೆ ಬಂದಾಗ ಹಳೆಯ ಕಸ್ತೂರಿ ಬದುಕಿತ್ತು, ನಿಜ. ಆದರೆ ಆಗ ಅದು ಲಾಯ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಆ ಕಟ್ಟಡಕ್ಕೆ ಹೊಸದಾಗಿ ಬಂದವರಾರೂ ಅದನ್ನು ನೋಡಿರಲಿಲ್ಲ.

"ಕೊನೇ ಸಲ ಯಾವಾಗ ನೋಡಿದ್ರಿ?"

"ನಿನ್ನೆ."

ಕೆಳಗಿಳಿಯುವಾಗ ಮೆಟ್ಟಿಲ ಕಟಾಂಜನವನ್ನು ಒಂದು ಕ್ಷಣವೂ ಬಿಡಲಿಲ್ಲ.

ಭಾನುವಾರ ಮುತ್ತುರಾಜ ರಜೆ ಹಾಕಿದ. ಮಾಗಡಿಯಲ್ಲಿ ತಿಥಿಯಂತೆ. ಶಿವರಂಜಿನಿಯ ಗಂಡ ನಾಗಭೂಷಣ್ ಮಗನನ್ನು ಕರೆದುಕೊಂಡು ಲಗ್ನಪತ್ರಿಕೆ ಹಂಚಲು ಕುಮಾರ ಪಾರ್ಕಿಗೆ ಹೋಗಿದ್ದರು. ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ. ಸೋಮವಾರ ಪ್ರಾಣಿದಯೆಯವರು ಬಂದು ಕುದುರೆಯನ್ನು ವ್ಯಾನಿಗೆ ಹತ್ತಿಸುತ್ತಾರೆ. ಬೀದಿಯವರೆಲ್ಲ ಗೇಟಿನ ಮುಂದೆ ನಿಂತು ನೋಡುತ್ತಾರೆ. ಅದಕ್ಕಿಂತ ಮೊದಲು ಕುದುರೆಯೇ ಹೋಗಿಬಿಡಬಹುದು. ಮಧ್ಯಾಹ್ನ ಒಮ್ಮೆ ಕುಸಿದು ಮತ್ತೆ ಎದ್ದಿತ್ತು.

ಸಂಜೆ ಶಿವರಂಜಿನಿ ತಾನೇ ನೆನೆಸಿದ ಹುರುಳಿಯ ಬಕೆಟ್ಟು ಹಿಡಿದು ಹಿತ್ತಲಿಗೆ ಇಳಿದಳು. ಬಾನಿಗೆ ಸುರಿದಳು. ದೀಪ ಹಾಕಲು ಹೋದಳು. ಟಿಕ್... ಕರೆಂಟಿರಲಿಲ್ಲ. ಗಲ್ಲಿಯೆಲ್ಲ ಮಬ್ಬು. ಬಿಳಿ ಕುದುರೆ ಮಾತ್ರ ಕಾಣುತ್ತಿತ್ತು, ಅದೇ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿಕೊಂಡು.

ಹೆಸರು ಕೂಗದೆ ಹುರುಳಿ ಹಾಕುವ ಪದ್ಧತಿ ಆ ಮನೆಯಲ್ಲಿಲ್ಲ. ಅಭ್ಯಾಸಬಲದಿಂದ ಕೂಗಿದಳು.

"ಕಸ್ತೂರಿ... ಬಾ."

ಬಿಳಿ ಕುದುರೆ ಕದಲಲಿಲ್ಲ.

ಲಾಯದ ಎರಡನೇ ಅಂಕಣದಲ್ಲಿ ಹುಲ್ಲು ಸರಕ್ಕೆಂದಿತು. ಭಾರವಾದದ್ದು ಮೊದಲು ಮುಂಗಾಲು, ಆಮೇಲೆ ಹಿಂಗಾಲು ಊರಿ ಎದ್ದ ಸದ್ದು. ಮೈ ಕೊಡವಿದ ಸದ್ದು... ಫಟ ಫಟ ಫಟ. ಆಮೇಲೆ ಚಪ್ಪಡಿಯ ಮೇಲೆ ಗೊರಸು.

ಟಕ್... ಟಕ್... ಟಕ್... ಸರ್‍ರ್.

ಟಕ್... ಟಕ್... ಟಕ್... ಸರ್‍ರ್.

ಅವಳ ಬಲಕ್ಕೆ ಬಂತು. ನಿಂತಿತು. ಫುರ್‍ರ್ ಎಂದು ಉಸಿರು ಬಿಟ್ಟಿತು. ಮೊಣಕೈಗೆ ಬೆಚ್ಚಗೆ ತಾಗಿತು. ಬೆಲ್ಲದ ವಾಸನೆ. ಬಾನಿಯಲ್ಲಿ ಹುರುಳಿ ತಾನಾಗಿ ಒಂದು ಕಡೆ ಗುಳಿ ಬೀಳುತ್ತ ಹೋಯಿತು. ನೀರು ಅಲುಗಿತು.

ಪಚ... ಪಚ... ಪಚ...

ಅವಳು ಖಾಲಿ ಬಕೆಟ್ಟು ಎದೆಗೊತ್ತಿ ನೋಡುತ್ತ ನಿಂತಳು. ಮೂಲೆಯಲ್ಲಿ ಬಿಳಿ ಕುದುರೆ ಒಂದು ಹೆಜ್ಜೆ ಈ ಕಡೆ ಇಟ್ಟಿತು. ಹಸಿವು ಅದನ್ನು ತಳ್ಳಿರಬೇಕು. ಪಚಪಚ ನಿಂತಿತು. ಗಾಳಿಯಲ್ಲಿ ಹಲ್ಲಿಲ್ಲದ ದವಡೆ ಚಪ್ಪನೆ ಮುಚ್ಚಿದ ಸದ್ದು. ಬಿಳಿ ಕುದುರೆ ಹಿಂದೆ ಸರಿಯಿತು, ಮುಗ್ಗರಿಸಿತು, ಮೊಣಕಾಲೂರಿ ಕುಸಿಯಿತು.

ಈ ಸಲ ಏಳಲಿಲ್ಲ.

ಶಿವರಂಜಿನಿ ಹಿಂದೆ ಹಿಂದೆ ನಡೆದು ಹಿತ್ತಲ ಮೆಟ್ಟಿಲಿಗೆ ಬಂದಳು. ಅಲ್ಲಿ ಅತ್ತೆ ನಿಂತಿದ್ದರು. ಮಂಡಿ ಆಪರೇಷನ್ ಆದಂದಿನಿಂದ ಹಿತ್ತಲಿಗೆ ಬಂದದ್ದು ಹೊಸ ಕುದುರೆಗೆ ಹೆಸರಿಟ್ಟ ದಿನ ಮಾತ್ರ. ಕೈಯಲ್ಲಿ ಊರುಗೋಲು.

"ಅತ್ತೆ... ಹಳೇದು."

"ಗೊತ್ತು ಕಣೆ. ಮೆಲ್ಲಗೆ ಮಾತಾಡು."

"ಗೊತ್ತಾ?"

"ನನ್ನ ಕೋಣೆ ಕಿಟಕಿ ಈ ಕಡೆಗೇ ಅಲ್ವಾ. ಆ ಕಾಲೆಳೆಯೋ ಸದ್ದು ನಂಗೆ ತಿಳಿಯಲ್ವಾ."

"ಯಾಕೆ ಹೇಳ್ಲಿಲ್ಲ?"

ಗುರುಬಸಮ್ಮ ಊರುಗೋಲಿನ ಮೇಲೆ ಎರಡೂ ಕೈ ಊರಿದರು. "ಏನಂತ ಹೇಳ್ಲಿ. ವರ್ಷ ತುಂಬೋಕೆ ಮುಂಚೆ ಹೆಸರು ಹಿಡಿದು ಕರೆದಿದ್ದು ನಾನು. ಅದು ಹೋಗೋ ದಾರೀಲಿತ್ತೋ ಏನೋ. ಕರೆದ್ರು ಅಂತ ವಾಪಸ್ ಬಂತು. ದಿನಾ ಕರೀತಿದೀವಿ, ದಿನಾ ಬರ್ತಿದೆ. ಅದರದೇನು ತಪ್ಪು?"

"ಹೋಗು ಅನ್ನಿ."

"ನನ್ನ ಗಂಡನ್ನ ಹೊತ್ತಿದ್ದರ ಜಾಗಕ್ಕೆ ಬಂದದ್ದು ಅದು. ನನ್ನ ಮಗನ್ನ ಹೊತ್ತಿದ್ದು. ಊಟದ ಮುಂದಿಂದ ಎಬ್ಬಿಸಿ ಹೋಗು ಅನ್ನಲಾ?"

"ಹಾಗಾದ್ರೆ ಇದಕ್ಕೆ ಬೇರೆ ಹೆಸರಿಡಿ."

"ಈ ಲಾಯದಲ್ಲಿ ಕಸ್ತೂರಿ ಬಿಟ್ಟು ಇನ್ನೊಂದು ಹೆಸರಿನ ಕುದುರೆ ನಿಂತಿಲ್ಲ ಶಿವರಂಜಿನಿ. ಮೊಮ್ಮಗ ಕೂರೋದು ಕಸ್ತೂರಿ ಮೇಲೇ."

"ಇದು ಇವತ್ತು ರಾತ್ರಿ ಸಾಯತ್ತೆ ಅತ್ತೆ. ಕಸ್ತೂರಿ ಅಂತಲೇ ಸಾಯತ್ತೆ." ಅವಳು ಮೂಲೆಯ ಕಡೆ ಕೈ ತೋರಿಸಿದಳು. "ಆಮೇಲೆ ಮೂರನೇದನ್ನ ತಂದು ಅದೇ ಹೆಸರು ಕೂಗ್ತೀರಿ. ಆಗ ಎರಡು ಬರತ್ತೆ."

ಮುದುಕಿ ಕಿವಿಗೊಟ್ಟರು. ಲಾಯದ ಕಡೆಯಿಂದ ಪಚ... ಪಚ... ಕೇಳುತ್ತಲೇ ಇತ್ತು. ಮೂಲೆಯಲ್ಲಿ ಬಿದ್ದದ್ದರ ಉಸಿರು ತಿದಿಯ ಹಾಗೆ ಎಳೆಯುತ್ತಿತ್ತು.

"ಒಳಗೆ ಹೋಗು," ಎಂದರು ಕೊನೆಗೆ. "ಅಂಬಲಿ ಕಾಸು. ತೆಳ್ಳಗೆ. ಬೆಲ್ಲ ಜಾಸ್ತಿ ಹಾಕು. ಹಿತ್ತಾಳೆ ಬೋಗುಣಿ ತಾ."

ಅವಳು ಮೇಣದಬತ್ತಿಯ ಬೆಳಕಲ್ಲಿ ಅಂಬಲಿ ಕಾಸಿದಳು. ಎರಡು ಸಲ ಚೆಲ್ಲಿದಳು. ಬೋಗುಣಿ ಹಿಡಿದು ಬರುವಷ್ಟರಲ್ಲಿ ಗುರುಬಸಮ್ಮ ಮೆಟ್ಟಿಲಿಳಿದಿದ್ದರು. ಹೇಗೆ ಇಳಿದರೋ ಅವರಿಗೇ ಗೊತ್ತಿಲ್ಲ. ಸೊಸೆಯ ಭುಜ ಹಿಡಿದು ಎರಡನೇ ಅಂಕಣದವರೆಗೆ ನಡೆದರು. ಬೋಗುಣಿಯನ್ನು ಅಲ್ಲಿ ಇಡಿಸಿದರು. ಕತ್ತಲಿಗೆ ಮುಖ ಮಾಡಿ, ಮಗುವನ್ನು ಊಟಕ್ಕೆ ಕರೆಯುವ ದನಿಯಲ್ಲಿ ಹೇಳಿದರು.

"ಕಸ್ತೂರಿ... ಅದು ಬೇಡ ಕಣಮ್ಮ, ನಿಂಗೆ ಅಗಿಯೋಕಾಗಲ್ಲ. ನಿಂದು ಇಲ್ಲಿದೆ. ಬಾ."

ಪಚಪಚ ನಿಂತಿತು.

ಏನೂ ಆಗಲಿಲ್ಲ... ಏನೂ ಆಗಲಿಲ್ಲ... ಆಮೇಲೆ ಗೊರಸು.

ಟಕ್... ಟಕ್... ಟಕ್... ಸರ್‍ರ್.

ಇಬ್ಬರ ನಡುವೆಯೇ ಹಾದುಹೋಯಿತು. ಶಿವರಂಜಿನಿಯ ಸೆರಗು ಒಂದು ಕಡೆಗೆ ತಳ್ಳಿಸಿಕೊಂಡಿತು. ಗುರುಬಸಮ್ಮ ಕೈ ಚಾಚಿದರು, ಗಾಳಿಯಲ್ಲಿ ಏನನ್ನೋ ಸವರಿದರು, ಕುತ್ತಿಗೆಯಷ್ಟು ಎತ್ತರದಲ್ಲಿ. ಬೋಗುಣಿ ಕಲ್ಲಿಗೆ ತಾಗಿ ಟಣ್ ಎಂದಿತು. ಆಮೇಲೆ ಹೀರುವ ಸದ್ದು. ಸೊರ್... ಸೊರ್...

ಮುದುಕಿ ಮೂಲೆಯ ಕಡೆ ತಿರುಗಿದರು. ತುಟಿ ಅಲುಗಿತು. ಆ ಮನೆಗೆ ಸೊಸೆಯಾಗಿ ಬಂದ ದಿನದಿಂದ ಆ ಲಾಯದಲ್ಲಿ ಬೇರೆ ಹೆಸರು ಕರೆದವರಲ್ಲ. ಸೊಸೆ ಅವರ ಮುಖ ನೋಡಲಿಲ್ಲ, ನೆಲ ನೋಡುತ್ತ ನಿಂತಳು.

"ಮೋತಿ," ಎಂದರು ಗುರುಬಸಮ್ಮ.

ಬಿಳಿ ಕುದುರೆಯ ಕಿವಿ ತಿರುಗಿತು.

"ಮೋತಿ... ಏಳು. ನಿಂದು ಅಲ್ಲಿದೆ ನೋಡು. ತಿನ್ನು."

ಅದು ಎದ್ದು ಬಾನಿ ಮುಟ್ಟಲು ಬಹಳ ಹೊತ್ತು ಹಿಡಿಯಿತು. ಹೆಂಗಸರಿಬ್ಬರೂ ಕತ್ತಲಲ್ಲಿ ಕೈ ಕೈ ಹಿಡಿದುಕೊಂಡು ನಿಂತಿದ್ದರು. ಕೊನೆಗೆ ಕೇಳಿಸಿತು, ಗಟ್ಟಿ ಹಲ್ಲಿನ ಸದ್ದು. ಕರಕ್... ಕರಕ್... ಕರಕ್... ಅದರ ಪಕ್ಕದಲ್ಲಿ, ಒಂದೇ ಗೋಡೆಯ ಆಚೆ... ಸೊರ್... ಸೊರ್...

ಕರೆಂಟು ಬಂದಾಗ ಲಾಯದಲ್ಲಿದ್ದದ್ದು ಒಂದೇ ಕುದುರೆ. ಬೋಗುಣಿ ಖಾಲಿ.

ಸೋಮವಾರ ಪ್ರಾಣಿದಯೆಯವರು ಬಂದರು. ಕುದುರೆ ಬಾನಿಯಲ್ಲಿ ಮೂತಿ ಹಾಕಿ ಮೇಯುತ್ತಿತ್ತು. ಬಂದವರಿಗೆ ಕಾಫಿ ಕೊಟ್ಟರು. ಡಾಕ್ಟರು ತಮ್ಮ ಪರೀಕ್ಷೆಗಳ ವಿವರ ಹೇಳಿದರು. ಸ್ವಲ್ಪ ದಿನ ನೋಡೋಣ ಎಂದು ಬಂದವರು ಹೊರಟುಹೋದರು. ಶಿವರಾತ್ರಿಯ ಹೊತ್ತಿಗೆ ಪಕ್ಕೆಲುಬು ಮುಚ್ಚಿತು. ಮೈ ಮತ್ತೆ ಹೊಳೆಯತೊಡಗಿತು. ಅನಿಲ್ ಕುಮಾರ್ ತಮ್ಮ ಪುಡಿ ಹಿಡಿಯಿತು ಎಂದರು. ಯಾರೂ ಅಲ್ಲವೆನ್ನಲಿಲ್ಲ. ಅವರಿಗೆ ಹೇಳುವುದಾದರೂ ಏನನ್ನು? ಮುತ್ತುರಾಜನಿಗೆ ಮಾತ್ರ, ದಿನವೂ ಎರಡನೇ ಅಂಕಣದಲ್ಲಿ ಅಂಬಲಿ ಇಡಬೇಕೆಂದು ಹೇಳಿದರು. ಅವನು ಏಕೆ ಎಂದು ಕೇಳಲಿಲ್ಲ. ಸರಿ ಅಮ್ಮ ಎಂದ. ದೀಪ ಹಚ್ಚಿದ ಮೇಲೂ ನಿಲ್ಲತೊಡಗಿದ.

ಮದುವೆಯ ಸಂಜೆ ಮದುಮಗ ಕುದುರೆ ಏರಿದ. ಯಾವ ಹೆಸರಿನ ಕುದುರೆ ಎಂದು ಬೀಗರು ಕೇಳಿದಾಗ ಗುರುಬಸಮ್ಮ ಕಾರಿನ ಕಿಟಕಿಯಿಂದ ತಾವೇ ಹೇಳಿದರು, ಮೋತಿ ಎಂದು. ಮುಂದೆ ಬ್ಯಾಂಡು, ಆಮೇಲೆ ಕುದುರೆ, ಹೆಂಗಸರು, ಅವರ ಹಿಂದೆ ತಲೆಯ ಮೇಲೆ ದೀಪದ ಗೊಂಚಲು ಹೊತ್ತವರು, ಕೊನೆಯಲ್ಲಿ ಜನರೇಟರಿನ ಗಾಡಿ. ಶಿವರಂಜಿನಿ ಅಕ್ಷತೆಯ ತಟ್ಟೆ ಹಿಡಿದು ನಡೆಯುತ್ತಿದ್ದಳು. ಮಂಟಪದ ತಿರುವಿನಲ್ಲಿ ದೀಪ ಹೊತ್ತವರಲ್ಲಿ ಕೊನೆಯವನು ಅವಳ ಹತ್ತಿರ ಬಂದ. ಯಾವುದೋ ಊರಿಂದ ಆ ದಿನಕ್ಕೆಂದು ಬಂದವನು. ಅವನಿಗೆ ಈ ಮನೆಯ ವಿಷಯ ಏನೂ ಗೊತ್ತಿಲ್ಲ.

"ಮೇಡಂ, ಹಿಂದಗಡೆ ಕುದುರೇನ ಸ್ವಲ್ಪ ದೂರ ಹಿಡ್ಕೊಳ್ಳೋಕೆ ಹೇಳಿ. ಅವಾಗಿಂದ ಬೆನ್ನಿಗೆ ಉಸಿರು ಬಿಡ್ತಿದೆ. ಲೈಟು ಬೀಳತ್ತೆ."

ಅವಳು ಹಿಂದೆ ನೋಡಿದಳು. ಅವನಿಗೂ ಜನರೇಟರಿನ ಗಾಡಿಗೂ ನಡುವೆ ಖಾಲಿ ರಸ್ತೆ. ಅವನ ಅಂಗಿಯ ಬೆನ್ನು ಅಂಗೈಯಗಲ ಒದ್ದೆಯಾಗಿತ್ತು.

"ಹೇಳ್ತೀನಿ," ಎಂದಳು.

ಇದು ನಡೆದದ್ದು. ಶಿವರಂಜಿನಿ ಸುಳ್ಳು ಹೇಳುವವಳಲ್ಲ, ಹೇಳಿ ಅವಳಿಗೆ ಆಗಬೇಕಾದ್ದೂ ಏನಿಲ್ಲ. ಗುರುಬಸಮ್ಮ ಇಷ್ಟಲಿಂಗ ಅಂಗೈಯಲ್ಲಿಟ್ಟುಕೊಂಡು ಇದನ್ನೇ ಹೇಳಿದ್ದಾರೆ. ನಂಬುವುದು ಬಿಡುವುದು ಕೇಳಿದವರಿಗೆ ಬಿಟ್ಟದ್ದು.

ಆದರೆ ಆ ಫೋಟೋ ಇನ್ನೂ ಗುಂಪಿನಲ್ಲಿದೆ, ಕೆಳಗಿನ ಬರಹದ ಸಮೇತ. ನಮ್ಮ ಮನೆಯಲ್ಲಿ ಯಾವ ಕುದುರೆಯೂ ಉಪವಾಸವಿಲ್ಲ, ಸತ್ತದ್ದು ಕೂಡ. ಮನೋಹರ್ ಅವರು ಆ ಫೋಟೋ ತೆಗೆದುಹಾಕಬೇಕು. ಮುಂಬಾಗಿಲಿಂದ ಬಂದು ಗುರುಬಸಮ್ಮನವರ ಎದುರು ನಿಂತು ಕ್ಷಮೆ ಕೇಳಬೇಕು.